ಹೊಲವಿಲ್ಲದವರ ಬೆಳೆ ಹಬ್ಬ

ಮುಂಬೈಯ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಮೊನ್ನೆ, ಬೆಳೆಗಾಗಿ ದೇವರಿಗೆ ಕೃತಜ್ಞತೆ ಸಲ್ಲಿಸುವ ಬೆಳೆ ಹಬ್ಬದ ಆರಾಧನೆ ನಡೆಯಿತು. ಬೆಟಗೇರಿ, ಹುಬ್ಬಳ್ಳಿ, ಬೀದರಗಳಿಂದ ಅಜ್ಜಂದಿರ ಕಾಲದಲ್ಲೇ ಬಂದು ಗಿರಣಿ, ರೈಲ್ವೆ, ಆಸ್ಪತ್ರೆಗಳಲ್ಲಿ ದುಡಿದ ಕುಟುಂಬಗಳು ನಮ್ಮವು. ಹೊಲ ಉಳಿಸಿಕೊಂಡವರು ನಮ್ಮಲ್ಲಿ ಇಲ್ಲವೆಂದರೂ ನಡೆದೀತು. ದಾದರ್ ಮಾರುಕಟ್ಟೆಯಲ್ಲಿ ಕೊಂಡು ತಂದ ಕುಂಬಳಕಾಯಿ, ಕಬ್ಬು, ಬಾಳೆಗೊನೆಗಳನ್ನೇ ವೇದಿಯ ಮುಂದೆ ಇಡುತ್ತೇವೆ. ಆದರೂ ಭೂಮಿಯೂ ಅದರಲ್ಲಿರುವ ಸಮಸ್ತವೂ ಯೆಹೋವನದು ಎಂಬ ಬೈಬಲಿನ 24ನೆಯ ಕೀರ್ತನೆಯನ್ನು ಸಭಾಪಾಲಕರು ಓದುವಾಗ ನನಗೆ ಎದೆ ತುಂಬಿ ಬರುತ್ತದೆ. ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದಲ್ಲಿ ಪ್ರಥಮಫಲದ ಪುಟ್ಟಿಯನ್ನು ಯಾಜಕನಿಗೆ ಒಪ್ಪಿಸುವ ಇಸ್ರಾಯೇಲ್ಯನು, ತನ್ನ ಮೂಲಪಿತೃವು ನೆಲೆಯಿಲ್ಲದೆ ಅಲೆದ ಅರಾಮ್ಯನೆಂದೂ ಐಗುಪ್ತದಲ್ಲಿ, ಎಂದರೆ ಈಜಿಪ್ಟಿನಲ್ಲಿ, ಪರದೇಶಿಯಾಗಿ ಬಾಳಿದವನೆಂದೂ ಬಾಯಿಬಿಟ್ಟು ಹೇಳಿದ ಮೇಲೆಯೇ ಕಾಣಿಕೆ ಅರ್ಪಿಸಬೇಕಿತ್ತು. ವಲಸೆ ಬಂದವರ ಹಬ್ಬವಾಗಿಯೇ ಅದು ಹುಟ್ಟಿತು.

ನನ್ನ ಅಜ್ಜಿ ಬೆಟಗೇರಿಯವರು. ಪರೇಲಿನ ಚಾಳಿನಲ್ಲಿ ನಸುಕಿಗೆ ನಳ ಬರುವ ಹೊತ್ತಿಗೆ ಎದ್ದು ನೀರು ತುಂಬಿ, ಹಂಡೆಯ ಪಕ್ಕದಲ್ಲೇ ಮಣೆ ಹಾಕಿಕೊಂಡು ಸತ್ಯವೇದ ಓದುತ್ತಿದ್ದರು. ಪ್ರವಾದಿ ಯೆಶಾಯನ ಗ್ರಂಥದ 40ನೆಯ ಅಧ್ಯಾಯ ಅವರಿಗೆ ಬಾಯಿಪಾಠ. ಜನಾಂಗಗಳು ದೇವರ ಗಣನೆಗೆ ಕಪಿಲೆಯಿಂದ ಉದುರುವ ತುಂತುರಿನಂತೆ, ತ್ರಾಸಿನ ತಟ್ಟೆಯ ಧೂಳಿನಂತೆ ಎಂಬಲ್ಲಿಗೆ ಬಂದಾಗ, ತಂಬಿಗೆಯನ್ನು ಹಂಡೆಯಲ್ಲಿ ಅದ್ದಿ ಎತ್ತಿ, ಅದರ ಕಂಠದಿಂದ ಜಾರುವ ಒಂದು ಹನಿಯನ್ನು ನನ್ನ ಅಂಗೈಗೆ ಬೀಳಿಸಿ, “ಇಷ್ಟ ನೋಡವಾ, ರಾಜ್ಯ ಅನ್ನೂದು” ಎನ್ನುತ್ತಿದ್ದರು. ಊರ ಬಾವಿಯ ಮೇಲೆ ಎತ್ತುಗಳು ಕಪಿಲೆ ಎಳೆಯುವುದನ್ನು, ತೊಗಲಿನ ಚೀಲ ಮೇಲೇರುವಷ್ಟು ಹೊತ್ತೂ ನೀರು ತೊಟ್ಟಿಕ್ಕುವುದನ್ನು ನೋಡಿ ಬೆಳೆದವರು ಅವರು. ಕಪಿಲೆ ಹೊಡೆಯುವವನು ಆ ತುಂತುರಿನ ಲೆಕ್ಕ ಇಡುವುದಿಲ್ಲವೆಂದು ಬಲ್ಲವರು. ಟಿವಿಯಲ್ಲಿ ಯುದ್ಧದ ಸುದ್ದಿ ಬಂದಾಗಲೆಲ್ಲ ಆ ಹನಿಯ ತಣ್ಪು ಇಂದಿಗೂ ನನ್ನ ಅಂಗೈಗೆ ತಾಕುತ್ತದೆ, ಮತ್ತು ನಾನು ಹೆದರುವುದಿಲ್ಲ.

ನಾವಿರುವ ಈ ನಗರವೇ ಆ ವಚನಕ್ಕೆ ಸಾಕ್ಷಿ. 1661ರ ಮದುವೆಯ ಒಪ್ಪಂದದಲ್ಲಿ ಪೋರ್ಚುಗಲ್ಲಿನ ಅರಮನೆ ಈ ದ್ವೀಪವನ್ನು ರಾಜಕುಮಾರಿ ಕ್ಯಾಥರೀನಳ ಬಳುವಳಿಯಾಗಿ ಇಂಗ್ಲೆಂಡಿನ ಎರಡನೆಯ ಚಾರ್ಲ್ಸನಿಗೆ ಕೊಟ್ಟಿತು. 1668ರಲ್ಲಿ ಅವನು ಅದನ್ನು ವರ್ಷಕ್ಕೆ 10 ಪೌಂಡುಗಳ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿದನು. ದೊರೆ ಐದನೆಯ ಜಾರ್ಜನ ಆಗಮನದ ನೆನಪಿಗೆಂದು ಕಟ್ಟಿದ ಗೇಟ್‌ವೇ ಕಮಾನಿನ ಕೆಳಗಿನಿಂದಲೇ 1948ರ ಫೆಬ್ರವರಿಯಲ್ಲಿ ಬ್ರಿಟಿಷ್ ಸೈನ್ಯದ ಕೊನೆಯ ತುಕಡಿ ನಡೆದು ಹೋಯಿತು. ಸತ್ಯವೇದದಲ್ಲಿಯೂ ಹೀಗೆಯೇ: ಬಾಬೆಲಿನ ಅರಮನೆಯ ಮೇಲೆ ತಿರುಗಾಡುತ್ತ, ಇದು ನಾನೇ ಕಟ್ಟಿದ ಮಹಾಪಟ್ಟಣವಲ್ಲವೇ ಎಂದ ಅರಸ ನೆಬೂಕದ್ನೆಚ್ಚರನ ಮಾತು ಇನ್ನೂ ಬಾಯಲ್ಲಿರುವಾಗಲೇ ರಾಜ್ಯ ಅವನಿಂದ ತೊಲಗಿತ್ತು. ಆದರೆ ಎತ್ತಿನಂತೆ ಹುಲ್ಲು ಮೇಯ್ದು, ಇಬ್ಬನಿಯಲ್ಲಿ ಮೈ ನೆನೆದ ಆ ಅರಸನು ಕಣ್ಣೆತ್ತಿ ಪರಲೋಕದ ಕಡೆ ನೋಡಿದಾಗ ದೇವರು ಅವನಿಗೆ ಬುದ್ಧಿಯನ್ನೂ ಸಿಂಹಾಸನವನ್ನೂ ಮರಳಿ ಕೊಟ್ಟನು. ದಂಡನೆಗಿಂತ ಆ ಕರುಣೆಯೇ ನನ್ನನ್ನು ಹೆಚ್ಚು ಕರಗಿಸುತ್ತದೆ. ತನ್ನನ್ನು ಅರಿಯದ ಪಾರಸಿಯ ಅರಸ ಕೋರೆಷನನ್ನು ದೇವರು ತನ್ನ ಅಭಿಷಿಕ್ತನೆಂದು ಕರೆದನು, ಅವನ ಕೈಯಿಂದಲೇ ಬಾಬೆಲಿನ ಸೆರೆಯಲ್ಲಿದ್ದ ತನ್ನ ಜನರನ್ನು ಯೆರೂಸಲೇಮಿಗೆ ಕಳುಹಿಸಿದನು. ಇಸ್ರಾಯೇಲ್ಯರನ್ನು ಐಗುಪ್ತದಿಂದ ಕರೆತಂದ ಹಾಗೆಯೇ ಫಿಲಿಷ್ಟಿಯರನ್ನು ಕಫ್ತೋರಿನಿಂದಲೂ ಅರಾಮ್ಯರನ್ನು ಕೀರಿನಿಂದಲೂ ಕರೆತಂದವನು ತಾನೇ ಎಂದು ಪ್ರವಾದಿ ಆಮೋಸನ ಗ್ರಂಥದ 9ನೆಯ ಅಧ್ಯಾಯದಲ್ಲಿ ದೇವರು ಹೇಳುತ್ತಾನೆ. ಇಸ್ರಾಯೇಲಿನ ಹಗೆಯವರ ವಲಸೆಯನ್ನೂ ನಡೆಸಿದವನು ಆತನೇ. ನಮ್ಮ ಪ್ರಸಂಗಗಳಲ್ಲಿ ಈ ವಚನ ಇನ್ನಷ್ಟು ಕೇಳಿಬರಬೇಕು.

ಭೂಮಿ ನನ್ನದು, ನೀವು ನನ್ನ ಬಳಿ ಪರದೇಶಿಗಳೂ ಪ್ರವಾಸಿಗಳೂ ಆಗಿದ್ದೀರಿ ಎಂದು ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ ದೇವರು ಹೇಳುವುದು ವಾಗ್ದತ್ತ ದೇಶಕ್ಕೆ ವಾರಸುದಾರರಾಗಲಿರುವವರಿಗೇ. ಅದಕ್ಕಾಗಿಯೇ ನೆಲವನ್ನು ಶಾಶ್ವತವಾಗಿ ಮಾರುವಂತಿರಲಿಲ್ಲ. 50ನೆಯ ವರ್ಷ ಅದು ಮೂಲದ ಮನೆತನಕ್ಕೆ ಹಿಂದಿರುಗಬೇಕಿತ್ತು. ಯಾರು ಯಾವಾಗ ಬಂದವರು, ಯಾರದು ಈ ಊರು ಎಂದು ಮತ್ತೆ ಮತ್ತೆ ಕೇಳಲಾಗುವ ಮುಂಬೈಯಲ್ಲಿ ಈ ವಚನವು ಮನೆಯೊಡೆಯನನ್ನೂ ಬಾಡಿಗೆಯವನನ್ನೂ ಒಂದೇ ಬೆಂಚಿನ ಮೇಲೆ ಕೂಡಿಸುತ್ತದೆ.

ಇಷ್ಟು ದೊಡ್ಡ ಹಬ್ಬ ಈಚೆಗೆ ಸೊರಗುತ್ತಿರುವುದು ನನಗೆ ನೋವು ತರುತ್ತದೆ. ಕಾಣಿಕೆಯನ್ನು ಮೊಬೈಲಿನಲ್ಲೇ ಕಳುಹಿಸಿ ಮನೆಯಲ್ಲಿ ಉಳಿಯುವವರು ಹೆಚ್ಚಾಗಿದ್ದಾರೆ. ಬಂದವರ ಪ್ರಾರ್ಥನೆಯೂ ನಮ್ಮ ಫ್ಲ್ಯಾಟು, ನಮ್ಮ ಮಕ್ಕಳ ವೀಸಾಗಳನ್ನು ದಾಟಿ ಹೋಗುವುದಿಲ್ಲ. ಅರಸರಿಗಾಗಿಯೂ ಅಧಿಕಾರಸ್ಥರಿಗಾಗಿಯೂ ಬೇಡಿಕೊಳ್ಳಿರೆಂದು ಪೌಲನು ತಿಮೊಥೆಯನಿಗೆ ಬರೆದ ಮಾತನ್ನು ಅಜ್ಜಿ ಒಂದು ದಿನವೂ ಬಿಟ್ಟವರಲ್ಲ; ಪತ್ರಿಕೆಯಲ್ಲಿ ಕಂಡ ದೇಶಗಳನ್ನೆಲ್ಲ ಹೆಸರು ಹಿಡಿದು ದೇವರ ಮುಂದೆ ಇಡುತ್ತಿದ್ದರು. ಪ್ರಥಮಫಲದ ಪುಟ್ಟಿಯನ್ನು ಇಟ್ಟವನು ದೇವಾಲಯದ ಸೇವೆಯ ಕುಲದವರಾದ ಲೇವಿಯರೊಂದಿಗೂ ತನ್ನ ನಡುವೆ ಇರುವ ಪರದೇಶಿಯೊಂದಿಗೂ ಸೇರಿ ಸಂಭ್ರಮಿಸಬೇಕೆಂದು ಆ 26ನೆಯ ಅಧ್ಯಾಯವೇ ಹೇಳುತ್ತದೆ. ನಮ್ಮ ದೇವಾಲಯದ ಹಿಂದಿನ ಬಹುಮಹಡಿ ಕಟ್ಟಡದಲ್ಲಿ ಕಲಬುರಗಿ, ಯಾದಗಿರಿಗಳ ಕಡೆಯ ಕೂಲಿಯವರು ಕನ್ನಡದಲ್ಲೇ ಮಾತಾಡುತ್ತ ಸಿಮೆಂಟು ಹೊರುತ್ತಾರೆ. ಮುಂದಿನ ವರ್ಷ ವೇದಿಯ ಮುಂದಿಟ್ಟ ಕಾಣಿಕೆಗಳ ಹರಾಜು ಆರಂಭವಾಗುವ ಮೊದಲೇ ಅವರನ್ನು ಕರೆತಂದು ನಮ್ಮೊಂದಿಗೆ ಊಟಕ್ಕೆ ಕೂಡಿಸಬೇಕೆಂದು ಸಭೆಯ ಹಿರಿಯರಲ್ಲಿ ಕೇಳಿಕೊಂಡಿದ್ದೇನೆ.