ದೇವರು ಸುಮ್ಮನೆ ಕ್ಷಮಿಸಿಬಿಟ್ಟಿದ್ದರೆ ಆಗುತ್ತಿರಲಿಲ್ಲವೇ?

"ದೇವರು ಅಷ್ಟೊಂದು ಪ್ರೀತಿಸುವವನಾದರೆ 'ಹೋಗಲಿ, ಕ್ಷಮಿಸಿದ್ದೇನೆ' ಅಂದುಬಿಟ್ಟರೆ ಮುಗೀತಿತ್ತಲ್ಲ? ನಡುವೆ ಆ ಶಿಲುಬೆ, ಮೊಳೆ, ರಕ್ತ ಎಲ್ಲ ಯಾಕೆ?"

ನಮ್ಮ ಪಾಪಗಳ ಕ್ಷಮೆಗಾಗಿ ಯೇಸು ಶಿಲುಬೆಯ ಮೇಲೆ ಸತ್ತನೆಂದು ನಾವು ಕ್ರೈಸ್ತರು ನಂಬುತ್ತೇವೆ. ನಾನು ಕ್ರೈಸ್ತನೆಂದು ಗೊತ್ತಿರುವವರು ಸ್ವಲ್ಪ ಸಲಿಗೆ ಬೆಳೆದ ಮೇಲೆ ಕೇಳುವ ಪ್ರಶ್ನೆ ಇದು. ಕೆಣಕಲೆಂದು ಕೇಳುವವರು ಕಡಿಮೆ, ಹೆಚ್ಚಿನವರಿಗೆ ನಿಜಕ್ಕೂ ಅರ್ಥವಾಗಿರುವುದಿಲ್ಲ. ಸಭೆಯಲ್ಲೇ, ಅಂದರೆ ಚರ್ಚಿನಲ್ಲೇ, ಹುಟ್ಟಿ ಬೆಳೆದ ಹುಡುಗ ಹುಡುಗಿಯರೂ ಕೇಳುತ್ತಾರೆ. ಅವರು ಮಾತ್ರ ದನಿ ತಗ್ಗಿಸಿ, ಸಭಾಪಾಲಕರು ಹತ್ತಿರದಲ್ಲಿಲ್ಲ ಅಂತ ಖಾತ್ರಿ ಮಾಡಿಕೊಂಡು ಕೇಳುತ್ತಾರೆ.

ಮೊದಲು ನನ್ನ ಬಳಿ ಒಂದು ಸಿದ್ಧ ಉತ್ತರವಿತ್ತು. ನ್ಯಾಯಾಧೀಶನೊಬ್ಬ ಅಪರಾಧಿಗೆ ದಂಡ ಹಾಕಿ, ಆಮೇಲೆ ಪೀಠದಿಂದ ಇಳಿದು ಬಂದು ತನ್ನ ಜೇಬಿನಿಂದಲೇ ಆ ದಂಡ ಕಟ್ಟಿದನೆಂಬ ಕಥೆ. ಪ್ರಸಂಗಗಳಲ್ಲಿ ಎಷ್ಟೋ ಸಲ ಕೇಳಿದ್ದೆ, ಹಾಗೇ ಒಪ್ಪಿಸುತ್ತಿದ್ದೆ. ಒಂದು ದಿನ ಒಬ್ಬಾಕೆ, "ದಂಡ ಸರಿ. ಗಲ್ಲುಶಿಕ್ಷೆ ಆಗಿದ್ದರೆ? ತಪ್ಪೇ ಮಾಡದ ಮಗನನ್ನು ನೇಣಿಗೇರಿಸಿ ಕೊಲೆಗಾರನನ್ನು ಮನೆಗೆ ಕಳಿಸಿದರೆ ಅದನ್ನು ನ್ಯಾಯ ಅಂತೀರಾ?" ಅಂದಳು. ಅವತ್ತಿನಿಂದ ಆ ಕಥೆ ಹೇಳುವುದನ್ನು ಬಿಟ್ಟಿದ್ದೇನೆ.

ಈಗ ನಮ್ಮದೇ ಒಂದು ಮಾತಿನಿಂದ ಶುರು ಮಾಡುತ್ತೇನೆ. ತಪ್ಪಾದಾಗ ಹಿರಿಯರ ಮುಂದೆ ನಿಂತು ಏನನ್ನುತ್ತೇವೆ? "ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ." ಬಾಯಿಪಾಠವಾಗಿರುವುದರಿಂದ ಇದರ ಅರ್ಥದ ಕಡೆ ಗಮನ ಹೋಗುವುದೇ ಇಲ್ಲ. ನಾನು ಮಾಡಿದ್ದನ್ನು ನೀವು ನುಂಗಿಕೊಳ್ಳಿ, ಅದರ ಉರಿ ನಿಮ್ಮೊಳಗೇ ಇರಲಿ, ನನ್ನ ಮೇಲೆ ಕಾರಬೇಡಿ ಅಂತ ಕೇಳುತ್ತಿದ್ದೇವೆ. ಎಷ್ಟು ದೊಡ್ಡ ಬೇಡಿಕೆ!

ಕಾಲೇಜಿನ ದಿನಗಳಲ್ಲಿ ಅಣ್ಣನ ಬೈಕನ್ನು ಅವನಿಗೆ ಹೇಳದೆ ಒಯ್ದು ಗೋಡೆಗೆ ಗುದ್ದಿದ್ದೆ. ಮುಂದಿನ ಚಕ್ರ ಸೊಟ್ಟಗಾಗಿತ್ತು, ಟ್ಯಾಂಕ್ ನೆಗ್ಗಿತ್ತು. ನನಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಅಣ್ಣ ಬಂದು ಬೈಕಿಗೆ ಒಂದು ಸುತ್ತು ಹಾಕಿದ. "ನಿನಗೇನೂ ಆಗಿಲ್ಲ ತಾನೇ? ಬಿಡು, ಹೋಗಲಿ" ಅಂದ. ನನ್ನ ಪಾಲಿಗೆ ವಿಷಯ ಅಲ್ಲಿಗೆ ಮುಗಿಯಿತು. ಎರಡು ತಿಂಗಳಾದ ಮೇಲೆ ಬಾಗಿಲ ಬಳಿ ಬಿಟ್ಟಿದ್ದ ಅವನ ಚಪ್ಪಲಿ ನನ್ನ ಕಾಲಿಗೆ ಸಿಕ್ಕಿ ಮಗುಚಿಕೊಂಡಿತು. ಹಿಮ್ಮಡಿಯ ಕಡೆ ಅಟ್ಟೆ ಸವೆದು ತೂತಾಗಿತ್ತು. ರಿಪೇರಿಗೆ ದುಡ್ಡು ಹೊಂದುವ ತನಕ ಅವನು ಕೆಲಸಕ್ಕೆ ನಡೆದೇ ಹೋಗಿ ಬರುತ್ತಿದ್ದ. ನನಗೆ ಒಂದು ಮಾತೂ ಹೇಳಿರಲಿಲ್ಲ. "ಬಿಡು" ಅಂದಾಗ ಆ ನಷ್ಟ ನನ್ನ ಲೆಕ್ಕದಿಂದ ಎದ್ದು ಅವನ ಲೆಕ್ಕಕ್ಕೆ ಹೋಗಿ ಕೂತಿತ್ತು.

ಹಾಗಾಗಿ "ಸುಮ್ಮನೆ ಕ್ಷಮಿಸು" ಅನ್ನುವುದರಲ್ಲಿ ಆ "ಸುಮ್ಮನೆ"ಯೇ ನನಗೆ ತೊಡಕು. ಮರೆವು ಸುಮ್ಮನೆ ಬರುತ್ತದೆ, ಉದಾಸೀನವೂ ಬರುತ್ತದೆ. ಕ್ಷಮೆ ಹಾಗೆ ಸುಮ್ಮನೆ ಬಂದದ್ದನ್ನು ನಾನಂತೂ ಕಂಡಿಲ್ಲ.

ಯೇಸು ಕ್ಷಮೆಯ ಮಾತು ಬಂದಾಗ ಎಷ್ಟೋ ಸಲ ಸಾಲದ ಕಡೆ ತಿರುಗುವುದು ಇದಕ್ಕೇ ಇರಬೇಕು. ಬೈಬಲಿನ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಅವನ ಶಿಷ್ಯ ಪೇತ್ರ, "ನನಗೆ ತಪ್ಪು ಮಾಡಿದವನನ್ನು ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೋ?" ಎಂದು ಕೇಳುತ್ತಾನೆ. ಏಳು ಅಂದಾಗ ತಾನು ಬಹಳ ಧಾರಾಳಿ ಅಂತಲೇ ಅವನಿಗೆ ಅನ್ನಿಸಿರಬೇಕು. ಯೇಸು ಹೇಳುವ ಕಥೆಯಲ್ಲಿ ಒಬ್ಬ ಸೇವಕ ಅರಸನಿಗೆ 10,000 ತಲಾಂತು ಸಾಲಗಾರ. ಒಂದು ದಿನಾರಿ ಅಂದರೆ ಕೂಲಿಯವನ ಒಂದು ದಿನದ ಸಂಬಳ, ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ. ಒಟ್ಟು 6 ಕೋಟಿ ದಿನಗಳ ದುಡಿಮೆ. ಒಂದು ದಿನವೂ ರಜೆ ಹಾಕದೆ ದುಡಿದರೂ 1,64,000 ವರ್ಷ ಬೇಕು. ಆ ಸೇವಕ "ತಾಳಿಕೊಳ್ಳಿ, ಎಲ್ಲಾ ತೀರಿಸುತ್ತೇನೆ" ಅನ್ನುತ್ತಾನೆ! ಕೇಳುತ್ತಿದ್ದವರು ನಕ್ಕಿರಬಹುದು. ಅರಸ ಸಾಲವನ್ನೇ ಮನ್ನಾ ಮಾಡುತ್ತಾನೆ, ಅಂದರೆ ಅಷ್ಟೂ ಖಜಾನೆಗೆ ಹೊಡೆತ. ಹೊರಗೆ ಬಂದ ಸೇವಕ ತನಗೆ 100 ದಿನಾರಿ ಕೊಡಬೇಕಾದ ಜೊತೆಗಾರನ ಕುತ್ತಿಗೆ ಹಿಡಿಯುತ್ತಾನೆ. ಒಂದು ವಿಷಯ ಪ್ರಸಂಗಗಳಲ್ಲಿ ಹೆಚ್ಚಾಗಿ ತಪ್ಪಿಹೋಗುತ್ತದೆ: ಆ 100 ದಿನಾರಿಯೂ ಪುಡಿಗಾಸಲ್ಲ, ಮೂರು ತಿಂಗಳಿಗೂ ಮೀರಿದ ಕೂಲಿ. ನಿಮಗೆ ಆದ ನೋವು ಚಿಕ್ಕದು ಎಂದು ಯೇಸು ಎಲ್ಲೂ ಹೇಳುವುದಿಲ್ಲ.

ಬೈಬಲಿನ ಹಳೆಯ ಒಡಂಬಡಿಕೆಯ ಭಾಷೆಯಾದ ಹೀಬ್ರೂವಿನಲ್ಲಿ "ನಾಸಾ" ಎಂಬ ಕ್ರಿಯಾಪದವಿದೆ. ಎತ್ತು, ಹೊರು ಎಂದು ಅದರ ಅರ್ಥ. ವಿಮೋಚನಕಾಂಡ 34ನೇ ಅಧ್ಯಾಯದಲ್ಲಿ ದೇವರು ಅಪರಾಧವನ್ನು ಕ್ಷಮಿಸುವವನು ಅನ್ನುವ ಕಡೆ ಬಂದಿರುವುದು ಆ ಪದವೇ. ಯೆಶಾಯ 53ನೇ ಅಧ್ಯಾಯದ ಕೊನೆಯಲ್ಲಿ ದೇವರ ಸೇವಕನು ಬಹುಜನರ ಪಾಪವನ್ನು ಹೊತ್ತನು ಅನ್ನುವಲ್ಲೂ ಅದೇ. ಆ ಭಾಷೆಯವರು ಹೊರುತ್ತಾರೆ, ನಾವು ಹೊಟ್ಟೆಗೆ ಹಾಕಿಕೊಳ್ಳುತ್ತೇವೆ.

ಇನ್ನು ಆ ಹೆಣ್ಣುಮಗಳ ಆಕ್ಷೇಪ. ನೇಣಿಗೇರುವ ಮಗ ಮೂರನೆಯವನಾಗಿದ್ದರೆ ಅವಳ ಮಾತು ನೂರಕ್ಕೆ ನೂರು ಸರಿ. ಆದರೆ ಕ್ರೈಸ್ತರು ಹೇಳುವುದೇ ಅವನು ಮೂರನೆಯವನಲ್ಲ ಎಂದು. ದೇವರು ಕ್ರಿಸ್ತನಲ್ಲಿದ್ದುಕೊಂಡು ಲೋಕವನ್ನು ತನ್ನೊಂದಿಗೆ ಸಮಾಧಾನಪಡಿಸಿಕೊಂಡನು ಎಂದು ಅಪೊಸ್ತಲ ಪೌಲ ಕೊರಿಂಥ ಊರಿನ ಸಭೆಯವರಿಗೆ ಬರೆಯುತ್ತಾನೆ. ಯಾರಿಗೆ ತಪ್ಪಾಗಿತ್ತೋ ಅವನೇ ಅದನ್ನು ಮೈಮೇಲೆ ಹೊತ್ತ. ಯೇಸು ದೇವರೆಂದು ನೀವು ನಂಬದಿದ್ದರೆ ಶಿಲುಬೆ ರೋಮನ್ ಅಧಿಪತಿ ಪಿಲಾತನ ಕಾಲದ ಒಂದು ಮರಣದಂಡನೆಯಾಗಿ ಉಳಿಯುತ್ತದೆ, ಅದರಲ್ಲಿ ಕ್ಷಮೆ ಕಾಣದಿದ್ದರೆ ನಿಮ್ಮನ್ನು ದೂರಲಾರೆ.

ಶಿಲುಬೆ ಒಳಗೊಳಗೆ ಹೇಗೆ ಕೆಲಸ ಮಾಡಿತು ಅನ್ನುವುದಕ್ಕೆ ಎಲ್ಲ ಸಭೆಗಳೂ ಒಪ್ಪಿದ ಒಂದೇ ವಿವರಣೆ ಇಲ್ಲ. ಹೆಚ್ಚಿನ ಸಭೆಗಳು ಒಪ್ಪುವ ನೈಸಿಯ ವಿಶ್ವಾಸಪ್ರಮಾಣ "ನಮಗೋಸ್ಕರ" ಅನ್ನುತ್ತದೆ, ಹೇಗೆ ಎಂದು ಬಿಡಿಸಿ ಹೇಳುವುದಿಲ್ಲ. 1098ರ ಹೊತ್ತಿಗೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್ ಇದನ್ನು ದೇವರ ಗೌರವಕ್ಕೆ ಸಲ್ಲಬೇಕಾದ ಬಾಕಿ ಎಂದು ವಿವರಿಸಿದ. ಸ್ವಲ್ಪ ಕಾಲದಲ್ಲೇ ಫ್ರಾನ್ಸಿನ ದೇವತಾಶಾಸ್ತ್ರಜ್ಞ ಅಬೆಲಾರ್ಡ್, ಆ ಪ್ರೀತಿಯನ್ನು ಕಂಡು ನಮ್ಮ ಹೃದಯ ಬದಲಾಗುವುದಕ್ಕೇ ಒತ್ತು ಕೊಟ್ಟ. ವಾದ ಇನ್ನೂ ನಡೆದಿದೆ, ನಡೆಯಲಿ.

ನನಗೆ ಹೆಚ್ಚು ಬೆಳಕು ಕೊಟ್ಟದ್ದು ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸು ಹೇಳುವ ಕಥೆಯ ಅಪ್ಪ. ಇಬ್ಬರು ಗಂಡುಮಕ್ಕಳಲ್ಲಿ ಕಿರಿಯವನು ಅಪ್ಪ ಬದುಕಿರುವಾಗಲೇ ಪಾಲು ಕೇಳಿ, ಎಲ್ಲಾ ಹಾಳುಮಾಡಿ, ಹಸಿದು ವಾಪಸ್ ಬರುತ್ತಾನೆ. ದಾರಿಯಲ್ಲಿ ಹೇಳಬೇಕಾದ್ದನ್ನು ಕಲಿತುಕೊಂಡಿದ್ದಾನೆ. ಅದರ ಕೊನೆಯ ಮಾತು, "ನನ್ನನ್ನು ನಿನ್ನ ಕೂಲಿಯಾಳುಗಳಲ್ಲಿ ಒಬ್ಬನಂತೆ ಇಟ್ಟುಕೋ." ಅಪ್ಪ ದೂರದಿಂದಲೇ ನೋಡಿ ಓಡಿ ಬಂದು ಅಪ್ಪಿಕೊಳ್ಳುತ್ತಾನೆ. ಮಗ ಶುರು ಮಾಡುತ್ತಾನೆ, ಆದರೆ ಆ ಕೊನೆಯ ಮಾತು ಬಾಯಿಂದ ಬರುವ ಮೊದಲೇ ಅಪ್ಪ ಆಳುಗಳಿಗೆ ಬಟ್ಟೆ, ಉಂಗುರ, ಜೋಡು ತರಲು ಹೇಳಿಯಾಗಿದೆ. ಪಾಲು ಆಗಲೇ ಆಗಿಹೋಗಿದೆ, ಉಳಿದದ್ದೆಲ್ಲ ಹಿರಿಯವನದು. ಕೊಬ್ಬಿದ ಕರು ಅವನ ಪಾಲಿನಿಂದಲೇ ಹೋದದ್ದು! ಅವನ ಸಿಟ್ಟು ಸುಮ್ಮಸುಮ್ಮನೆ ಬಂದದ್ದಲ್ಲ. "ನಿನ್ನ ಈ ಮಗ" ಅನ್ನುತ್ತಾನೆ, ಅಪ್ಪ "ನಿನ್ನ ಈ ತಮ್ಮ" ಅನ್ನುತ್ತಾನೆ. ಹಿರಿಯವನು ಒಳಗೆ ಹೋದನೋ ಇಲ್ಲವೋ, ಕಥೆ ಹೇಳುವುದಿಲ್ಲ.

"ಹಾಗಾದರೆ ಬೇಕಾದ್ದು ಮಾಡಿ ಕ್ಷಮೆ ಕೇಳಿದರಾಯಿತು" ಅನ್ನುವವರು ಸುಂಕದವನಾಗಿದ್ದ ಜಕ್ಕಾಯನ ಕಥೆ ಓದಬೇಕು. ಯೇಸುವಿನೊಂದಿಗೆ ಕ್ಷಮೆ ಮನೆಗೆ ಬಂದ ದಿನವೇ ಅವನು ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಅಂದ. ಕ್ಷಮಿಸುವುದೆಂದರೆ ಹೊಡೆಯುವವನ ಕೈಗೆ ಮತ್ತೆ ಹೋಗಿ ಸಿಗುವುದೂ ಅಲ್ಲ. ಹಾಗೆಂದು ಉಪದೇಶಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಏಳು ಸಲವೋ ಎಂದು ಕೇಳಿದ ಪೇತ್ರ ಆಮೇಲೆ ಏನಾದ ಎಂಬುದು ಯೋಹಾನನ ಸುವಾರ್ತೆಯಲ್ಲಿದೆ. ಯೇಸುವನ್ನು ಬಂಧಿಸಿದ ಆ ಚಳಿಯ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಇದ್ದಲ ಬೆಂಕಿ ಉರಿಯುತ್ತಿತ್ತು. ಚಳಿ ಕಾಯಿಸಿಕೊಳ್ಳುವವರ ಜೊತೆ ನಿಂತಿದ್ದ ಪೇತ್ರ, ಯೇಸು ಯಾರೋ ಗೊತ್ತಿಲ್ಲ ಎನ್ನುವಂತೆ ಆ ರಾತ್ರಿ ಮೂರು ಸಲ ಹೇಳಿದ. ಇದ್ದಲ ಬೆಂಕಿಗೆ ಅಲ್ಲಿ ಬಳಸಿದ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಇರುವುದೇ ಎರಡು ಕಡೆ. ಇನ್ನೊಂದು ಕೊನೆಯ ಅಧ್ಯಾಯದಲ್ಲಿ, ತಿಬೇರಿಯ ಸಮುದ್ರದ ದಡದಲ್ಲಿ. ಪುನರುತ್ಥಾನವಾದ ಯೇಸು ಕಾಯುತ್ತಿದ್ದಾನೆ, ಕೆಂಡದ ಮೇಲೆ ಮೀನು ಇದೆ, ರೊಟ್ಟಿ ಇದೆ. "ಬನ್ನಿ, ಊಟ ಮಾಡಿ" ಅನ್ನುತ್ತಾನೆ. ಊಟವಾದ ಮೇಲೆಯೇ "ನನ್ನನ್ನು ಪ್ರೀತಿಸುತ್ತೀಯೋ?" ಎಂದು ಮೂರು ಸಲ ಕೇಳುವುದು, ಮೂರನೆಯ ಸಲಕ್ಕೆ ಪೇತ್ರ ನೊಂದುಕೊಳ್ಳುವುದು. ಅದಕ್ಕೂ ಮೊದಲು ಯೇಸು ರೊಟ್ಟಿಯನ್ನು ತೆಗೆದು ಅವರಿಗೆ ಕೊಟ್ಟನು ಎಂದಿದೆ. ಹಿಂದಿನ ಅಧ್ಯಾಯದಲ್ಲಿ ಶಿಷ್ಯ ತೋಮ ಮೊಳೆಯ ಗಾಯವನ್ನು ನೋಡಬೇಕೆಂದು ಹಟ ಹಿಡಿದ ಕೈಗಳು ಅವು. ರೊಟ್ಟಿ ತೆಗೆದುಕೊಳ್ಳುವಾಗ ಪೇತ್ರನ ಕಣ್ಣು ಆ ಗಾಯದ ಮೇಲೆ ಬೀಳದೆ ಇದ್ದಿರಲಾರದು.