ನೆಟ್‌ವರ್ಕ್ ಕಾರ್ಡಿನ ಖಾಲಿ ಸಾಕೆಟ್‌ನಲ್ಲಿ ನಮ್ಮದೇ ಬೂಟ್ ಕೋಡ್

ಹಳೆಯ ಪಿಸಿಯ ಬೂಟ್ ಹಂತದಲ್ಲೇ ನಮ್ಮ ಕೋಡ್ ಓಡಬೇಕೆಂದರೆ ಮದರ್‌ಬೋರ್ಡಿನ ಬಯಾಸ್ (ಪಿಸಿ ಆನ್ ಆದೊಡನೆ ಓಡುವ ಪ್ರೋಗ್ರಾಂ) ಚಿಪ್ಪಿಗೆ ಕೈ ಹಾಕಬೇಕಿಲ್ಲ. ಐಎಸ್‌ಎ (ಹಳೆಯ ಪಿಸಿಗಳ ಸ್ಲಾಟ್) ನೆಟ್‌ವರ್ಕ್ ಕಾರ್ಡುಗಳಲ್ಲಿ ಬೂಟ್ ಕೋಡ್ ಇಡುವ ಚಿಪ್‌ಗೆಂದು, ಅಂದರೆ ಬೂಟ್ ರೋಮ್‌ಗೆಂದು, 28 ಕಾಲಿನ ಸಾಕೆಟ್ ಇರುತ್ತದೆ, ಹೆಚ್ಚಾಗಿ ಖಾಲಿ. ಕೋಡ್ ಕೈಕೊಟ್ಟರೆ ಕಾರ್ಡ್ ಕಿತ್ತರಾಯಿತು, ಯಂತ್ರ ಮೊದಲಿನಂತೆ ಏಳುತ್ತದೆ.

ಬೂಟ್ ಆಗುವಾಗ ಬಯಾಸ್ ಇಂಥ ರೋಮ್‌ಗಳಿಗಾಗಿ ಸಿ8000 ವಿಳಾಸದಿಂದ 2 ಕೆಬಿಗೊಮ್ಮೆ ನೋಡುತ್ತಾ ಹೋಗುತ್ತದೆ (ವಿಳಾಸ, ಇಂಟರಪ್ಟ್ ಸಂಖ್ಯೆಗಳೆಲ್ಲ ಇಲ್ಲಿ ಹೆಕ್ಸ್, ಅಂದರೆ 16ರ ಆಧಾರದವು). 55 ಎಎ ಎಂಬ ಎರಡು ಬೈಟ್ ಸಿಕ್ಕರೆ ಮೂರನೆಯದನ್ನು ಗಾತ್ರವೆಂದು ಓದುತ್ತದೆ. ಲೆಕ್ಕ 512 ಬೈಟ್‌ಗಳ ತುಂಡುಗಳಲ್ಲಿ, ಹಾಗಾಗಿ 8 ಕೆಬಿಗೆ ಹೆಕ್ಸ್ 10. ಅಷ್ಟೂ ಬೈಟ್‌ಗಳ ಮೊತ್ತದ ಕೆಳಗಿನ 8 ಬಿಟ್ ಸೊನ್ನೆಯಾದರೆ ಮಾತ್ರ ಆಫ್‌ಸೆಟ್ 3ಕ್ಕೆ (ರೋಮ್‌ನ ಆರಂಭದಿಂದ 3 ಬೈಟ್ ಮುಂದಕ್ಕೆ) ಫಾರ್ ಕಾಲ್, ಅಂದರೆ ಬೇರೆ ಸೆಗ್ಮೆಂಟಿನಲ್ಲಿರುವ (ಮೆಮೊರಿ ಭಾಗದಲ್ಲಿರುವ) ಕೋಡಿಗೆ ಕರೆ. ನಾಸ್ಮ್ ಅಸೆಂಬ್ಲರ್‌ನಲ್ಲಿ ಆ ಎರಡು ಬೈಟ್‌ಗಳ ಸಹಿಯನ್ನು ಒಂದೇ ವರ್ಡ್ (2 ಬೈಟ್) ಆಗಿ 55ಎಎ ಎಂದು ಬರೆದರೆ ಬೈಟ್‌ಗಳು ತಿರುಗಿ ಬೀಳುತ್ತವೆ, ಬಯಾಸ್ ತಿರುಗಿಯೂ ನೋಡದು. ಎರಡು ಬೈಟ್‌ಗಳಾಗಿಯೇ ಬರೆಯಿರಿ. ಚೆಕ್‌ಸಮ್ (ಮೇಲೆ ಹೇಳಿದ ಮೊತ್ತ) ಸರಿದೂಗಿಸಲು ಕೊನೆಯ ಬೈಟನ್ನು ಮೀಸಲಿಡಿ.

ಕಾಲ್ ಬಂದಾಗ ಸಿಎಸ್ (ಕೋಡ್ ಸೆಗ್ಮೆಂಟ್ ರಿಜಿಸ್ಟರ್) ಮಾತ್ರ ನಮ್ಮದು. ಡಿಎಸ್ (ಡೇಟಾ ಸೆಗ್ಮೆಂಟ್ ರಿಜಿಸ್ಟರ್) ಬಯಾಸ್‌ನದು, ಅದನ್ನು ಸ್ಟ್ಯಾಕ್‌ಗೆ ತಳ್ಳಿ, ಸಿಎಸ್‌ನ ಬೆಲೆ ತುಂಬಿ, ಕೊನೆಗೆ ಎಲ್ಲ ರಿಜಿಸ್ಟರ್‌ಗಳನ್ನೂ ಮರಳಿಸಿ ಫಾರ್ ರಿಟರ್ನ್ ಮಾಡಿ. ಸಾಮಾನ್ಯ ರಿಟರ್ನ್ ಹಾಕಿದರೆ ಯಂತ್ರ ಅಲ್ಲೇ ನಿಲ್ಲುತ್ತದೆ. ವಿಡಿಯೋ ರೋಮ್ ಸಿ0000ದಲ್ಲಿದ್ದು ಮೊದಲೇ ಓಡಿರುವುದರಿಂದ ಇಂಟರಪ್ಟ್ 10ರಿಂದ (ಬಯಾಸ್‌ನ ವಿಡಿಯೋ ಸೇವೆ) ಅಕ್ಷರ ಮೂಡಿಸಬಹುದು. ಡಿಸ್ಕ್ ಮಾತ್ರ ಆಗ ಸಿದ್ಧವಾಗಿರುತ್ತದೆಂಬ ಭರವಸೆ ಇಲ್ಲ. ಡಿಸ್ಕ್ ಬೇಕಿದ್ದರೆ ಇಂಟರಪ್ಟ್ 19ರ (ಬೂಟ್ ಆರಂಭಿಸುವ ಬಯಾಸ್ ಸೇವೆ) ವೆಕ್ಟರನ್ನು, ಅಂದರೆ 0000:0064ರಲ್ಲಿರುವ ಅದರ ಕೋಡಿನ ವಿಳಾಸವನ್ನು, ನಮ್ಮ ಕೋಡಿನತ್ತ ತಿರುಗಿಸಿ ವಾಪಸಾಗಬೇಕು. ಬೂಟ್ ಮಾಡುವ ಹೊತ್ತಿಗೆ ಬಯಾಸ್ ತಾನೇ ಕರೆಯುತ್ತದೆ. ಕೆಲಸ ಮುಗಿದ ಮೇಲೆ ಹಳೆಯ ವೆಕ್ಟರ್‌ಗೆ ಜಂಪ್.

ಆ ಹಳೆಯ ವೆಕ್ಟರನ್ನು ಇಡುವುದೆಲ್ಲಿ ಎಂಬಲ್ಲೇ ಬಹಳ ಜನ ಎಡವುತ್ತಾರೆ. ರೋಮ್‌ನಲ್ಲಿ ಬರೆಯಲಾಗದು. 0040:00ಎಫ್0ಯಿಂದ 16 ಬೈಟ್ ಪ್ರೋಗ್ರಾಮುಗಳ ಹಂಚಿಕೆಗೆಂದೇ ಬಿಟ್ಟಿದ್ದಾರೆ, 4 ಬೈಟ್‌ಗೆ ಅದು ಧಾರಾಳ. ಹೆಚ್ಚು ಬೇಕಾದರೆ 0040:0013ರಲ್ಲಿ ಮೆಮೊರಿ ಗಾತ್ರವನ್ನು ಕೆಬಿಗಳಲ್ಲಿ ಹೇಳುವ ವರ್ಡ್‌ನಿಂದ 1 ಕಳೆಯಿರಿ. 640 ಇದ್ದದ್ದು 639 ಆಗಿ, 9ಎಫ್‌ಸಿ0 ಸೆಗ್ಮೆಂಟಿನಿಂದ 1 ಕೆಬಿ ನಿಮ್ಮದಾಗುತ್ತದೆ. ಅಲ್ಲಿ ಮೊದಲೇ ಬೇರೆ ಸಂಖ್ಯೆ ಇರಬಹುದು, ಆದ್ದರಿಂದ ಹೊಸ ಬೆಲೆಯನ್ನು 64ರಿಂದ ಗುಣಿಸಿಯೇ ಸೆಗ್ಮೆಂಟ್ ತೆಗೆಯಿರಿ.

ಚಿಪ್ ಸುಡುವ (ಅದರಲ್ಲಿ ಕೋಡ್ ಬರೆಯುವ) ಮೊದಲು ಪಿಸಿ ಎಮ್ಯುಲೇಟರ್ ಆದ ಕ್ಯೂಎಮು‌ಗೆ ಆಪ್ಷನ್ ರೋಮ್ (ಕಾರ್ಡಿನ ರೋಮ್) ಆಗಿ ಫೈಲ್ ಕೊಟ್ಟು ಓಡಿಸಿ ನೋಡಿ. ಅಲ್ಲಿ ಓಡದ್ದು ಕಾರ್ಡಿನಲ್ಲಿ ಓಡೀತೆಂದು ಆಸೆಪಡಬೇಡಿ.

ಚಿಪ್‌ಗೆ ಡಬ್ಲ್ಯೂ27ಸಿ512 ಒಳ್ಳೆಯ ಆಯ್ಕೆ, ಯುವಿ ದೀಪವಿಲ್ಲದೆ ಪ್ರೋಗ್ರಾಮರ್‌ನಲ್ಲೇ ಅಳಿಸಬಹುದು. ಅದು 64 ಕೆಬಿ. 8 ಕೆಬಿ ಚಿಪ್‌ಗೆಂದು ಮಾಡಿದ ಸಾಕೆಟ್‌ನಲ್ಲಿ ಕಾಲು 1 ಮತ್ತು 27 ಸಾಮಾನ್ಯವಾಗಿ 5 ವೋಲ್ಟ್‌ನಲ್ಲಿರುತ್ತವೆ. ಈ ಚಿಪ್‌ನಲ್ಲಿ ಅವು ಮೇಲಿನ ಅಡ್ರೆಸ್ ಗೆರೆಗಳು, ಹಾಗಾಗಿ ಓದು ಚಿಪ್‌ನ ಮೇಲ್ಭಾಗದಿಂದ ನಡೆದು ಆರಂಭದಲ್ಲಿಟ್ಟ ಕೋಡ್ ಕಾಣುವುದೇ ಇಲ್ಲ. 8 ಕೆಬಿ ಇಮೇಜನ್ನು 8 ಸಲ ಒಂದರ ಹಿಂದೊಂದು ಬರೆದುಬಿಡಿ.

3ಕಾಂ 3ಸಿ509 ಕಾರ್ಡಿನಲ್ಲಿ ಬೂಟ್ ರೋಮ್‌ನ ವಿಳಾಸ, ಗಾತ್ರಗಳನ್ನು ಅದರ ಡಾಸ್ ಕಾನ್ಫಿಗರೇಷನ್ ಪ್ರೋಗ್ರಾಮಿನಿಂದ ಹೊಂದಿಸಬೇಕು. ಪಿಸಿಐ (ಐಎಸ್‌ಎ ನಂತರದ ಸ್ಲಾಟ್) ಕಾರ್ಡಾದರೆ ರೋಮ್‌ನೊಳಗೆ ಕಾರ್ಡಿನ ಗುರುತು ಹೇಳುವ ಪಿಸಿಐ ಡೇಟಾ ಸ್ಟ್ರಕ್ಚರ್ ಬೇಕು, ಅದರ ವೆಂಡರ್, ಡಿವೈಸ್ ಐಡಿಗಳು ಕಾರ್ಡಿಗೆ ಹೊಂದಬೇಕು.

ಇಷ್ಟಾದರೂ ಏನೂ ಮೂಡದಿದ್ದರೆ ಇಎಂಎಂ386 (ಡಾಸ್‌ನ ಮೆಮೊರಿ ಮ್ಯಾನೇಜರ್) ಇಲ್ಲದೆ ಡಾಸ್ ಬೂಟ್ ಮಾಡಿ, ಅದರ ಡಿಬಗ್ ಪ್ರೋಗ್ರಾಮಿನಲ್ಲಿ ರೋಮ್‌ನ ವಿಳಾಸ ತೆರೆಯಿರಿ. 55 ಎಎ ಕಂಡರೆ ಮೊದಲು ಚೆಕ್‌ಸಮ್ಮನ್ನೂ ಗಾತ್ರದ ಬೈಟನ್ನೂ ಅನುಮಾನಿಸಿ. ಬರೀ ಎಫ್ಎಫ್ ಇದ್ದರೆ ಸಾಕೆಟ್ ಇನ್ನೂ ಆನ್ ಆಗಿಲ್ಲ, ಇಲ್ಲವೇ ಚಿಪ್‌ನ ಖಾಲಿ ಭಾಗ ಓದುತ್ತಿದೆ.