ರೈಲು ಲೇಔಟ್: ಚೌಕಟ್ಟು ಮುಗಿಯಿತು, ಗುಡ್ಡ ಶುರು

ನನ್ನ ಮಾದರಿ ರೈಲಿನ ಲೇಔಟ್‌ನ, ಅಂದರೆ ಹಳಿ, ಗುಡ್ಡ, ಸುರಂಗ ಎಲ್ಲ ಇರುವ ಪುಟ್ಟ ರೈಲು ದಾರಿಯ ಚೌಕಟ್ಟು ಕೊನೆಗೂ ತನ್ನ ಕಾಲ ಮೇಲೆ ನಿಂತಿದೆ. ಎಚ್‌ಓ ಸ್ಕೇಲ್, ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಅಗಲ 75 ಸೆಂ.ಮೀ.ಗೆ ನಿಲ್ಲಿಸಿದೆ. ಇನ್ನೂ ಜಾಸ್ತಿಯಾದರೆ ಆಚೆ ಬದಿಯಲ್ಲಿ ಹಳಿ ತಪ್ಪಿದ ಬೋಗಿಗೆ ಕೈ ಎಟುಕುವುದಿಲ್ಲ.

ಮೇಲೆ ಪೂರ್ತಿ ಹಲಗೆ ಹೊದಿಸಿಲ್ಲ. ಹಳಿ ಹೋಗುವಲ್ಲಿ ಮಾತ್ರ 12 ಮಿ.ಮೀ. ಪ್ಲೈವುಡ್ ಪಟ್ಟಿ, ಉಳಿದ ಕಡೆ ಬರೀ ಅಡ್ಡಪಟ್ಟಿಗಳು. ಪೂರ್ತಿ ಹೊದಿಸಿದರೆ ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಆಮೇಲೆ ಹಳಿಗಿಂತ ಕೆಳಗೊಂದು ಹಳ್ಳ ಬೇಕೆಂದರೆ ಗರಗಸ ಹಿಡಿಯಬೇಕು. ನಿಜವಾದ ರೈಲು ದಾರಿಯಲ್ಲಿ ಒಂದು ಕಡೆ ದಿಬ್ಬ, ಇನ್ನೊಂದು ಕಡೆ ಇಳಿಜಾರು ಇದ್ದೇ ಇರುತ್ತದೆ ಅಲ್ವಾ?

ಹೆಚ್ಚು ಹೊತ್ತು ತಿಂದದ್ದು ಏರು. ಒಂದು ಹಳಿ ಇನ್ನೊಂದರ ಮೇಲೆ ಹಾದುಹೋಗಬೇಕು. ಸೇತುವೆಯ ದಪ್ಪವೂ ಸೇರಿ ಸುಮಾರು 9 ಸೆಂ.ಮೀ. ಎತ್ತರ ಬೇಕು. ಶೇ. 2ರ ಏರು ಅಂದರೆ ಮೀಟರಿಗೆ 2 ಸೆಂ.ಮೀ., ಹಾಗಾದರೆ ಏರಿಗೇ ನಾಲ್ಕೂವರೆ ಮೀಟರ್! ಅಷ್ಟು ಉದ್ದ ಎಲ್ಲಿಂದ ತರೋದು? ಹಾಗಾಗಿ ಮೇಲಿನ ಹಳಿಯನ್ನು 5 ಸೆಂ.ಮೀ. ಏರಿಸಿ, ಕೆಳಗಿನದನ್ನು 4 ಸೆಂ.ಮೀ. ಇಳಿಸಿದೆ. ಮೇಲೆ ಹಲಗೆ ಮುಚ್ಚಿದ್ದರೆ ಇದು ಆಗುತ್ತಲೇ ಇರಲಿಲ್ಲ.

ಏರು ಅಳೆಯಲು ಸುಲಭದ ಉಪಾಯ ಇದೆ. 50 ಸೆಂ.ಮೀ. ಉದ್ದದ ರಸಮಟ್ಟ ತಗೊಂಡು, ತಗ್ಗಿನ ತುದಿಯ ಕೆಳಗೆ 10 ಮಿ.ಮೀ. ದಪ್ಪದ ಮರದ ಚೂರು ಅಂಟಿಸಿ. ಗುಳ್ಳೆ ನಡುವೆ ನಿಂತರೆ ಅಲ್ಲಿಗೆ ಶೇ. 2. ಪ್ಲೈ ಪಟ್ಟಿಯನ್ನು ಹೊರುವ ಕಂಬಗಳಿಗೆ ಮೊದಲು ಕ್ಲಾಂಪ್ ಹಾಕಿ, ಗುಳ್ಳೆ ನೋಡಿಕೊಂಡು ಕಂಬವನ್ನು ಮೇಲೆ ಕೆಳಗೆ ಸರಿಸಿ, ಆಮೇಲಷ್ಟೇ ಸ್ಕ್ರೂ ಬಿಗಿದೆ. ಏರು ಶುರುವಾಗುವಲ್ಲಿ ಪ್ಲೈ ತಾನಾಗಿಯೇ ಮೆಲ್ಲಗೆ ಬಾಗುತ್ತದೆ. ಅಲ್ಲಿ ಜೋಡಣೆ ಇಟ್ಟರೆ ಮುರುಕು ಬಂದು ಬೋಗಿಗಳ ಕೊಂಡಿ ಕಳಚುತ್ತದೆ.

ಗುಡ್ಡಕ್ಕೆ ರಟ್ಟಿನ ಪಟ್ಟಿಗಳನ್ನು ಬಲೆಯ ಹಾಗೆ ಹೆಣೆದು, ಬಿಸಿ ಅಂಟಿನಲ್ಲಿ ಕೂರಿಸಿದ್ದೇನೆ. ಮೇಲೆ ಪ್ಲಾಸ್ಟರ್‌ನಲ್ಲಿ ಅದ್ದಿದ ಬಟ್ಟೆ ಬರುತ್ತದೆ. ಪ್ಲಾಸ್ಟರ್‌ಗೆ ಮೊದಲೇ ಕಂದು ಬಣ್ಣ ಕಲಸುತ್ತೇನೆ, ಮುಂದೆ ಚಕ್ಕೆ ಎದ್ದರೂ ಬಿಳಿ ಕಾಣಲ್ಲ. ಹಳ್ಳದ ದಡಕ್ಕೆ ಫೋಮ್ ಹಲಗೆಗಳ ಪದರ. ಇದಕ್ಕೆ ನೀರಿನಲ್ಲಿ ಕರಗುವ ಅಂಟೇ ಆಗಬೇಕು, ದ್ರಾವಕ ಇರುವ ಅಂಟು ಫೋಮನ್ನೇ ತಿಂದುಬಿಡುತ್ತದೆ.

ಸುರಂಗದ ಹಿಂಬದಿ ಮುಚ್ಚುವುದಿಲ್ಲ. ರೈಲು ಸಿಕ್ಕಿಹಾಕಿಕೊಳ್ಳುವುದು ಸಾಮಾನ್ಯವಾಗಿ ಅಲ್ಲೇ. ಬಟ್ಟೆ ಹೊದಿಸುವ ಮುಂಚೆ ಹಳಿಗೆ ಕರೆಂಟಿನ ತಂತಿ ಎಳೆಯುವ ಕೆಲಸ ಬಾಕಿ ಇದೆ.